ಎರಡೂ ಬದಿ ಹೊಳೆಯುವ ಕಾರ್ಡು

ಕಂಪ್ಯೂಟರ್ ಕಲಿತವನಿಗೆ ಅಂಟುವ ಮೊದಲ ರೋಗ, ಕಲಿಯದವರನ್ನೆಲ್ಲ ಸುಧಾರಿಸಬೇಕೆನ್ನುವುದು. ನನಗೆ ಅದು ಜೋರಾಗಿಯೇ ಅಂಟಿತ್ತು. ಶಹಾಬಾದಿನಲ್ಲಿ ಇಂಟರ್ನೆಟ್ ಅಂಗಡಿಗಳು ಆಗತಾನೆ ಬಾಗಿಲು ತೆರೆದಿದ್ದ ಕಾಲ. ನಾಲ್ಕು ವೆಬ್ ಪುಟ ಮಾಡಿದ್ದೆ. ಅವುಗಳಲ್ಲಿ ಎರಡನ್ನು ನಾನೊಬ್ಬನೇ ನೋಡುತ್ತಿದ್ದೆ. ಸುಧಾರಣೆಗೆ ಕೈಗೆ ಸಿಕ್ಕವನು ಅಣ್ಣ. ನೆಲಕ್ಕೆ ಹಾಸುವ ಪರಸಿ ಕಲ್ಲು ಮಾರುತ್ತಿದ್ದ. ಅವನು ಗಿರಾಕಿಗಳಿಗೆ ಕೊಡುವ ಕಾರ್ಡು ಬರೀ ಬಿಳಿ ರಟ್ಟು: ಮುಂದೆ ಹೆಸರು, ಹಿಂದೆ ಖಾಲಿ. ಆ ಖಾಲಿ ಕಂಡರೆ ನನಗೆ ಸಂಕಟ. ಹೊಸದನ್ನು ಮಾಡಿದೆ. ಎರಡೂ ಬದಿ ಕಪ್ಪು, ಮೇಲೆ ನೀಲಿ ಅಕ್ಷರ, ಮೂಲೆಯಲ್ಲಿ ವೆಬ್ ಪುಟದಿಂದ ಇಳಿಸಿದ ಕಲ್ಲಿನ ಚಿತ್ರ. ಪರದೆಯ ಮೇಲೆ ಅದು ದೀಪಾವಳಿಯಂತಿತ್ತು.

ಚಿತ್ತಾಪುರದ ಪ್ರೆಸ್ಸಿನ ಹಿರಿಯರು ನೋಡಿ ಕನ್ನಡಕ ತೆಗೆದರು. "ನಿಮ್ಮ ಕಂಪ್ಯೂಟರ್ ಗಾಜಿನ್ಯಾಗ ಬೆಳಕು ಹಿಂದಿಂದ ಬರ್ತದರಿ. ಕಾಗದದ ಮ್ಯಾಲ ಮುಂದಿಂದ ಬೀಳಬೇಕು. ಈ ನೀಲಿ ಕಪ್ಪಿನ್ಯಾಗ ಮುಳುಗ್ತದ ನೋಡ್ರಿ." ಕತ್ತರಿಸುವ ಬ್ಲೇಡಿಗೆ ಓದಲು ಬರುವುದಿಲ್ಲ, ಅಂಚಿಗೆ ಅಂಟಿಸಿದ ಊರಿನ ಹೆಸರನ್ನು ಜೋಳದ ಕಾಳಿನಷ್ಟು ಒಳಗೆ ಸರಿಸಿ ಎಂದರು. ಚಿತ್ರ ಅಚ್ಚಿಗೆ ಸಾಲದು, ರವೆರವೆಯಾಗುತ್ತದೆ ಎಂದರು. ಹಿಂದೆ ಬರೆಯಲು ಜಾಗ ಬಿಡಿ ಎಂದೂ ಹೇಳಿದರು. ನಾನು, ಇದು ಡಿಸೈನು ಎಂದು ಹೇಳಿ, ಎರಡೂ ಬದಿಗೆ ಹೊಳೆಯುವ ಪ್ಲಾಸ್ಟಿಕ್ ಹಾಕಿಸಿದೆ.

ಐನೂರು ಕಾರ್ಡು ಬಂದವು. ನೀಲಿ ಮುಳುಗಿತ್ತು, ಊರಿನ ತಲೆ ಹಾರಿತ್ತು, ಕಲ್ಲು ಉಪ್ಪಿಟ್ಟಾಗಿತ್ತು. ಅಣ್ಣ ತಿರುವಿ ತಿರುವಿ ನೋಡಿದ. "ಭಾಳ ಛಂದ ಅದ ತಮ್ಮಾ. ಅಂಗಡಿಗಿ ಕನ್ನಡಿ ತರೋದು ಉಳೀತು." ಆ ವರ್ಷ ವ್ಯಾಪಾರ ಕುದುರಿತು. ನನ್ನ ಕಾರ್ಡಿನ ಕೈಗುಣವೆಂದು ಸೇಡಂ, ಚಿಂಚೋಳಿಯವರೆಗೂ ಹೇಳಿಕೊಂಡು ತಿರುಗಿದೆ.

ಅಣ್ಣ ತೀರಿಹೋಗಿ ಈಗ ಎಂಟು ತಿಂಗಳು. ಮೊನ್ನೆ ಅಣ್ಣನ ಹೆಂಡತಿ, ನಮ್ಮ ವೈನಿ, ಅವನ ಕೈಬರಹದ ಒಂದು ಚೂರಾದರೂ ಹುಡುಕಿಕೊಡು ಎಂದರು. ಅಣ್ಣ ಪತ್ರ ಬರೆದವನಲ್ಲ. ಬರೆಯುತ್ತಿದ್ದುದು ಕಾರ್ಡಿನ ಹಿಂದೆ ಮಾತ್ರ: ಯಾರ ಅಡುಗೆಮನೆಗೆ ಎಷ್ಟು ಕಲ್ಲು, ಯಾವ ಅಳತೆ. ಅವೆಲ್ಲ ಗಿರಾಕಿಗಳ ಜೇಬಿನಲ್ಲಿ ಹೋಗಿದ್ದವು. ನನ್ನ ಕಾರ್ಡಿನ ಹಿಂದೆ ಏನಾದರೂ ಬರೆದಿರಬಹುದೇ ಎಂದೆ. ವೈನಿ ಅಲಮಾರಿಯಿಂದ ಡಬ್ಬಿಯೊಂದನ್ನು ತೆಗೆದಿಟ್ಟರು. ಐನೂರೂ ಅದರಲ್ಲೇ ಇದ್ದಂತಿತ್ತು.

"ನಿನ್ನ ಕಾರ್ಡು ಅವರು ಯಾರಿಗೂ ಕೊಡಲಿಲ್ಲಪ್ಪ. ಅದರ ಮ್ಯಾಲ ಮಸಿ ನಿಲ್ಲಂಗಿಲ್ಲ. ಹಳೇದೇ ಮತ್ತ ಛಾಪಿಸಿದ್ರು. ತಮ್ಮಗ ಹೇಳಬ್ಯಾಡ, ಮನಸಿಗಿ ಹಚ್ಚಿಕೋತಾನ ಅಂದಿದ್ರು."

ನಾನು ಅಲ್ಲೇ ಕುಳಿತು ಒಂದೊಂದನ್ನೇ ತಿರುವುತ್ತ ಹೋದೆ. ಕೊನೆಕೊನೆಗೆ ಒಂದರ ಹಿಂದೆ ಗೀರು ಕಂಡಿತು. ಪೆನ್ನು ಹತ್ತದೆ, ಕಲ್ಲಿಗೆ ಗುರುತು ಹಾಕುವ ಮೊಳೆಯಿಂದ ಕೆರೆದು ನೋಡಿದ್ದ. ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದೆ. "ತಮ್ಮ ಭಾಳ ಶ್ಯಾಣ್ಯಾ ಇದ್ದಾನ."

ವೈನಿಗೊಂದು, ನನಗೊಂದು ಇರಲೆಂದು ಸ್ಕ್ಯಾನ್ ಮಾಡಿದೆ. ಪರದೆಯ ತುಂಬ ಕಪ್ಪು, ಒಂದಕ್ಷರವೂ ಏಳಲಿಲ್ಲ. ಕಾರ್ಡು ವೈನಿಯ ಹತ್ತಿರವೇ ಇದೆ. ನೋಡಬೇಕೆನಿಸಿದಾಗ ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ. ಅವರು ಬೆಳಕಿಗೆ ಹಿಡಿದು ಓದುತ್ತಾರೆ, ಶ್ಯಾಣ್ಯಾ ಎನ್ನುವಲ್ಲಿ ಅವರಿಗೆ ನಗು ಬರುತ್ತದೆ. ನನ್ನ ಜಾಣತನಕ್ಕೆ ಅಣ್ಣ ಬರೆದುಕೊಟ್ಟ ಒಂದೇ ಪ್ರಮಾಣಪತ್ರ ಅದು. ನನ್ನ ಕಂಪ್ಯೂಟರೇ ಒಪ್ಪಲಿಲ್ಲ.