ಕೂಸಿನ ಕಿವಿಯಂಚು ಮಡಚಿ ಬಣ್ಣ ತೀರ್ಮಾನಿಸುವವರ ಗಮನಕ್ಕೆ

ಹೆರಿಗೆ ವಿಭಾಗದ ಕಚೇರಿ
ಸಂಖ್ಯೆ: ಹೆ.ವಿ./ಬಣ್ಣ/ಕಿವಿ/3

ವಿಷಯ: ನವಜಾತ ಶಿಶುಗಳ ಮೈಬಣ್ಣ ಮತ್ತು ಕಣ್ಣಿನ ಬಣ್ಣದ ಬಗ್ಗೆ ನೆಂಟರಿಷ್ಟರು ನಡೆಸುತ್ತಿರುವ ಅನಧಿಕೃತ ತನಿಖೆ.

ಉಲ್ಲೇಖ: ಏಳನೇ ಹಾಸಿಗೆಯ ಘಟನೆ ಕುರಿತು ದಾದಿಯವರ ವರದಿ.

ನಿನ್ನೆ ಸಂಜೆ ಏಳನೇ ಹಾಸಿಗೆಯ ಹೆಣ್ಣುಮಗುವಿನ ಕಿವಿಯಂಚನ್ನು ಅದರ ಸೋದರತ್ತೆಯವರು ಮಡಚಿ ನೋಡಿ, "ಈಗೇನೋ ಕೆಂಪಗಿದಾಳೆ, ಆಮೇಲೆ ಕಪ್ಪಾಗೋದು ಗ್ಯಾರಂಟಿ" ಎಂದು ಘೋಷಿಸಿರುತ್ತಾರೆ. ತದನಂತರ ಮಗುವಿನ ತಂದೆಯ ತಾಯಿಯವರು, "ಅಯ್ಯೋ, ಬೆಕ್ಕಿನ ಕಣ್ಣು! ನಮ್ಮ ಕಡೆ ಯಾರಿಗೂ ಇಲ್ವಲ್ಲಪ್ಪ" ಎಂದು ಇಡೀ ವಾರ್ಡಿಗೆ ಕೇಳಿಸುವಂತೆ ಆಶ್ಚರ್ಯ ವ್ಯಕ್ತಪಡಿಸಿರುತ್ತಾರೆ. ತಂದೆಯವರು ಬಾಯಿಗೆ ಬೀಗ ಹಾಕಿಕೊಂಡು ಫ್ಯಾನ್ ನೋಡುತ್ತಿದ್ದರು. ಬಾಣಂತಿಯು ಗೋಡೆಯ ಕಡೆ ತಿರುಗಿ ಮಲಗಿದ್ದು, ಆಮೇಲೆ ಊಟ ಮುಟ್ಟಿರುವುದಿಲ್ಲ. ಈ ಹಿನ್ನೆಲೆಯಲ್ಲಿ ಸಕಲ ನೆಂಟರಿಷ್ಟರಿಗೆ ಸೂಚಿಸಲಾಗಿರುವುದೇನೆಂದರೆ:

1. ಕಿವಿಯಂಚು, ಉಗುರಿನ ಬುಡ ಇತ್ಯಾದಿಗಳನ್ನು ಮುಂಗಡ ಪರಿಶೀಲನೆಗೆ ಒಳಪಡಿಸತಕ್ಕದ್ದಲ್ಲ. ಕಿವಿ ಮಗುವಿನ ಸ್ವಂತ ಸ್ವತ್ತು.

2. ಬಣ್ಣವು ಒಂದೇ ಮೇಜಿನಲ್ಲಿ ವಿಲೇವಾರಿಯಾಗುವ ಕಡತವಲ್ಲ. ಹತ್ತಾರು ವಂಶವಾಹಿಗಳು ತಂತಮ್ಮ ಮೇಜಿನಲ್ಲಿ ಕುಳಿತು ಚೂರು ಚೂರೇ ಬಣ್ಣ ಮಂಜೂರು ಮಾಡುತ್ತವೆ. ಪ್ರತಿಯೊಂದರ ಒಂದು ಪ್ರತಿ ಅಮ್ಮನಿಂದ, ಇನ್ನೊಂದು ಅಪ್ಪನಿಂದ ಬರತಕ್ಕದ್ದು. ತಿಳಿ ಬಣ್ಣದ ಪ್ರತಿಯು ಕಪ್ಪು ಕಣ್ಣಿನವರ ಮನೆಯಲ್ಲಿ ತಲೆಮಾರುಗಟ್ಟಲೆ ಸದ್ದಿಲ್ಲದೆ ಕುಳಿತಿದ್ದು, ಎರಡೂ ಕಡೆಯಿಂದ ಜೊತೆ ಸಿಕ್ಕಾಗ ಹೊರಬರುವುದು ಸಂಪೂರ್ಣ ಕ್ರಮಬದ್ಧ. ಆದಾಗ್ಯೂ "ನಮ್ಮ ಕಡೆ ಯಾರಿಗೂ ಇಲ್ಲ" ಎನ್ನುವವರು ತಮ್ಮ ಮುತ್ತಜ್ಜಿಯ ಮುತ್ತಜ್ಜಿಯನ್ನು ಕಣ್ಣುಗಳ ಸಮೇತ ಖುದ್ದು ಹಾಜರುಪಡಿಸತಕ್ಕದ್ದು.

3. ಈಗಿನ ಕಣ್ಣಿನ ಬಣ್ಣ ತಾತ್ಕಾಲಿಕ ನೇಮಕಾತಿ. ಕಾಯಂ ಆಗಲು ವರ್ಷವೂ ಹಿಡಿಯಬಹುದು. ಅಲ್ಲಿಯವರೆಗೆ ಅಭಿಪ್ರಾಯಗಳನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳತಕ್ಕದ್ದು. ತೀರಾ ತಡೆಯಲಾರದವರು ಕಾರಿಡಾರಿನ ತುದಿಯ ನೀರಿನ ಡ್ರಮ್ಮಿನ ಬಳಿ ಹೋಗಿ ಅದಕ್ಕೆ ಹೇಳಬಹುದು.

4. "ಮೂಗು ಮಾತ್ರ ನಮ್ಮದೇ" ಎಂದು ಬಿಡಿಭಾಗಗಳ ಮೇಲೆ ಹಕ್ಕು ಸ್ಥಾಪಿಸುವವರು ಮಗುವಿನ ಅಳು ಮತ್ತು ಒದ್ದೆ ಬಟ್ಟೆಗಳಲ್ಲೂ ಸಮಪಾಲು ಪಡೆಯತಕ್ಕದ್ದು.

5. ಹಾಸಿಗೆಯ ಬಳಿ ಬಂದವರು ತೊಟ್ಟಿಲಿಗೆ ಬಗ್ಗುವ ಮೊದಲು ಬಾಣಂತಿಯನ್ನು "ನೀನು ಹೇಗಿದ್ದೀಯಮ್ಮ?" ಎಂದು ಕೇಳತಕ್ಕದ್ದು. ನಿನ್ನೆ ಹಾಗೆ ಯಾರೂ ಕೇಳಲಿಲ್ಲ. ಇದರಿಂದ ಈ ಕಚೇರಿಗೆ ಬೇಸರವಾಗಿದೆ.

ಸಹಿ/-
ಮೇಲ್ವಿಚಾರಕಿ, ಹೆರಿಗೆ ವಿಭಾಗ

ಪ್ರತಿಗಳು:
ಸೋದರತ್ತೆಯವರಿಗೆ, ಎರಡೂ ಕೈಗಳಿಗೆ ಪ್ರತ್ಯೇಕವಾಗಿ.
ಅಜ್ಜಿಯವರಿಗೆ, ಮನಸ್ಸಿನಲ್ಲೇ ಓದಿಕೊಳ್ಳಲು.
ತಂದೆಯವರಿಗೆ, ಬಾಯಿ ತೆರೆಯುವ ಅನುಮತಿಯೊಂದಿಗೆ.
ಏಳನೇ ಹಾಸಿಗೆಯ ತಾಯಿಗೆ: ಮೇಲಿನ ಯಾವ ನಿರ್ಬಂಧವೂ ತಮಗೆ ಅನ್ವಯಿಸುವುದಿಲ್ಲ. ಮಗಳನ್ನು ಎಷ್ಟು ಹೊತ್ತು ಬೇಕಾದರೂ ನೋಡಿಕೊಂಡು ಕೂರಬಹುದು.