ಸತ್ತ ಮೇಲೂ ಮಾತಾಡುವ ಮಾವ

ನಮ್ಮ ಸೋದರಮಾವ ಇಲ್ಲಿಯವರೆಗೆ ಇಪ್ಪತ್ತು ಸಲ ಸತ್ತಿದ್ದಾನೆ. ಇಪ್ಪತ್ತು ಸಲವೂ ಒಬ್ಬನ ಸಲುವಾಗಿಯೇ, ಒಂದೇ ಬಾಣಕ್ಕೆ. ಸತ್ತ ಮೇಲಾದರೂ ಬಾಯಿ ಮುಚ್ಚಿಕೊಂಡು ಬಿದ್ದಿರುತ್ತಾನೆಯೇ? ಅದೂ ಇಲ್ಲ!

ಗಾಬರಿಯಾಗಬೇಡಿ, ಇದು ನಾಟಕದ ಮಾತು. ನಮ್ಮೂರು ಕಡ್ಡಿರಾಂಪುರದಲ್ಲಿ ವರ್ಷಕ್ಕೊಮ್ಮೆ ಶಾಲೆಯ ಮೈದಾನದಲ್ಲಿ ನಾಟಕ ಆಡುತ್ತಾರೆ. ನಾಟಕವೂ ಒಂದೇ, ಹಿಂದೆ ಯಾವಾಗಲೋ ಹಾರ್ಮೋನಿಯಂ ನುಡಿಸುವ ನಮ್ಮ ಪೇಟಿ ಮಾಸ್ತರರು ಬರೆದದ್ದು. ಅದರಲ್ಲಿ ರಾಜನ ಪಾತ್ರ ಈರಣ್ಣನದು. ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಾನೆ, ಆರಡಿ ಆಳು, ಸೀನಿದರೆ ಪಕ್ಕದ ಓಣಿಯ ನಾಯಿ ಏಳುತ್ತದೆ. ರಾಜನ ಪ್ರಾಣಸ್ನೇಹಿತನ ಪಾತ್ರ ನಮ್ಮ ಮಾವನದು. ಹೊರಗೂ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಅಥವಾ ಓದದವರು ಎನ್ನಿ.

ಮೂರನೇ ಅಂಕದಲ್ಲಿ ರಾಜನಿಗೆ ಬರುವ ಬಾಣಕ್ಕೆ ಮಾವ ಎದೆಯೊಡ್ಡಿ ಸಾಯುತ್ತಾನೆ. ರಾಜ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹತ್ತು ನಿಮಿಷ ಗೋಳಾಡಬೇಕು. ಫಜೀತಿ ಇರುವುದೇ ಇಲ್ಲಿ. ಈರಣ್ಣನಿಗೆ ಆ ಮಾತುಗಳು ತಲೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಸತ್ತ ಮಾವನೇ ಕಣ್ಣು ಮುಚ್ಚಿಕೊಂಡು ಪಿಸುದನಿಯಲ್ಲಿ ಒಂದೊಂದೇ ಸಾಲು ಹೇಳಿಕೊಡುತ್ತಾನೆ. ತನ್ನ ಸಾವಿಗೆ ಹೇಗೆ ಅಳಬೇಕೆಂದು ತಾನೇ ಹೇಳಿಕೊಡುವ ಹೆಣವನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಒಂದು ವರ್ಷ ನಮ್ಮೂರಿನ ಬದಲು ಕಂಪ್ಲಿಯಲ್ಲಿ ಈ ನಾಟಕ ಆಡಿದಾಗ ಮುಂದಿನ ಸಾಲಿನ ಅಜ್ಜಿಯೊಬ್ಬಳು ಹೆಣದ ತುಟಿ ಅಲುಗಿದ್ದನ್ನು ನೋಡಿ, "ಇನ್ನಾ ಜೀವ ಐತ್ರಿ ಅದಕ್ಕ, ನೀರು ಹಾಕ್ರಿ" ಎಂದು ತಂಬಿಗೆ ಹಿಡಿದು ರಂಗದ ಮೇಲೇ ಹತ್ತಿ ಬಂದಳು. ಮಾವ ಎದ್ದು ಕೂತು ನೀರು ಕುಡಿದು ಮತ್ತೆ ಸತ್ತ.

ಬಾಣಕ್ಕೆ ಎದೆಯೊಡ್ಡುವ ಈ ಧೀರ ರಂಗದಿಂದ ಇಳಿದರೆ ಪರಮ ಪುಕ್ಕಲ. ತನ್ನ ತೋಟದಲ್ಲೇ ಬಾಳೆ ಬೆಳೆಯುತ್ತಾನೆ, ಹಂಪಿಗೆ ಹೊರಟರೆ ಕೋತಿಗೆ ಅಂಜಿ ಒಂದು ಹಣ್ಣನ್ನೂ ಜೊತೆಗೆ ಒಯ್ಯುವುದಿಲ್ಲ. ಇವೆಲ್ಲ ಚಿಲ್ಲರೆ ಅಂಜಿಕೆ ಬಿಡಿ. ದೊಡ್ಡ ಅಂಜಿಕೆ ಒಂದೇ, ಈರಣ್ಣ ಎಲ್ಲಿ ತನ್ನನ್ನು ಬಿಟ್ಟುಬಿಡುತ್ತಾನೋ ಎಂಬುದು. ಈರಣ್ಣ ಒಂದು ಸಲ ಫೋನ್ ಎತ್ತದಿದ್ದರೆ, ತಾನು ಏನು ತಪ್ಪು ಮಾಡಿದೆ ಎಂದು ಮೂರು ದಿನಗಳ ಹಿಂದಿನಿಂದ ಲೆಕ್ಕ ಹಾಕುತ್ತಾನೆ. ಪಾಪಿನಾಯಕನಹಳ್ಳಿಯ ಮಿರ್ಚಿ ಅಂಗಡಿಯ ಮುಂದೆ ಈರಣ್ಣನ ಬೈಕಿನ ಹಿಂದೆ ಬೇರೆ ಯಾರೋ ಕೂತಿದ್ದರೆಂದು ಸುದ್ದಿ ಬಂದ ದಿನ ಮಾವ ಊಟ ಬಿಟ್ಟ. ವಿಚಾರಿಸಿದರೆ, ಕೂತಿದ್ದವಳು ಈರಣ್ಣನ ಹೆಂಡತಿ! ಅದನ್ನು ಹೇಳಿದರೂ ಮಾವನಿಗೆ ಸಮಾಧಾನವಿಲ್ಲ. "ಆದ್ರೂ ನನಗ ಒಂದು ಮಾತು ಹೇಳಬೇಕಿತ್ತಲ್ಲ" ಎಂದ.

ಹೋದ ವರ್ಷ ಎದೆನೋವು ಬಂದು ಮಾವ ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಎರಡು ದಿನ ಮಲಗಿದ. ಮಲಪನಗುಡಿಯ ಬೀಗರಿಂದ ಹಿಡಿದು ಹಾಲು ಹಾಕುವವಳವರೆಗೆ ಎಲ್ಲರೂ ಬಂದು ನೋಡಿ ಹೋದರು. ಈರಣ್ಣ ಮಾತ್ರ ಗೇಟಿನವರೆಗೆ ಬಂದು, ಕಾವಲುಗಾರನ ಕೈಗೆ ನಾಲ್ಕು ಎಳನೀರು ಕೊಟ್ಟು, ಹಾಗೇ ವಾಪಸಾದ. ಎದೆನೋವು ವಾಸಿಯಾಯಿತು, ಇದು ಆಗಲಿಲ್ಲ. ವರ್ಷವಿಡೀ ನನ್ನ ಮುಂದೆ ಒಂದೇ ರಾಗ: "ಅವನ ಸಲುವಾಗಿ ನಾ ಹತ್ತೊಂಬತ್ತು ಸಲ ಸತ್ತೀನಿ ಅಳಿಯಾ. ಅವ ನನ್ನ ಸಲುವಾಗಿ ಒಂದು ಮೆಟ್ಲ ಹತ್ತಲಿಲ್ಲ."

ಗಾಯದ ಮೇಲೆ ಬರೆ ಎಳೆದಂತೆ ಈ ವರ್ಷ ಈರಣ್ಣನ ಮಗ ಕಿವಿಯೊಳಗೆ ಕೂರುವ ಪುಟ್ಟ ಬ್ಲೂಟೂತ್ ತಂದ. ಪರದೆಯ ಪಕ್ಕದಲ್ಲಿ ನಿಂತು ಯಾರಾದರೂ ಫೋನಿನಲ್ಲಿ ಮಾತು ಓದಿದರೆ ಸಾಕು, ನೇರ ರಾಜನ ಕಿವಿಗೆ! ಓದುವವರು ಯಾರು? ಉಚ್ಚಾರ ಚೆನ್ನಾಗಿದೆ ಎಂದು ಎಲ್ಲರೂ ನನ್ನನ್ನೇ ಆರಿಸಿದರು. ಹೊಗಳಿದರಲ್ಲ, ನಾನೂ ಹಲ್ಲು ಕಿರಿದು ಒಪ್ಪಿಬಿಟ್ಟೆ.

ಆ ಸಂಜೆ ಮಾವ ಮೆಲ್ಲಗೆ ಕೇಳಿದ, ಹಾಗಾದರೆ ಸತ್ತ ಮೇಲೆ ತಾನೇನು ಮಾಡಬೇಕು ಎಂದು. ಎಲ್ಲ ಹೆಣಗಳ ಹಾಗೆ ಸುಮ್ಮನೆ ಬಿದ್ದಿರು ಮಾವ ಎಂದು ನಗಾಡಿದೆ. ಅವನು ನಗಲಿಲ್ಲ.

"ಸುಮ್ಮಕ ಬೀಳಾಕ ನಾನ ಯಾಕ ಬೇಕು? ಮುಂದಿನ ವರ್ಷ ಒಂದು ಭತ್ತದ ಚೀಲ ಮಲಗಿಸ್ತಾರ ನೋಡು" ಎಂದ. ಕೈಯಲ್ಲಿದ್ದ ಚಹಾದ ಲೋಟವನ್ನು ಕುಡಿಯದೆ ಹಾಗೇ ಕೆಳಗಿಟ್ಟ. ಥೂ, ಯಾಕಾದರೂ ಒಪ್ಪಿದೆನೋ ಎಂದು ನನ್ನ ಮೇಲೇ ನನಗೆ ಸಿಟ್ಟು ಬಂತು.

ನಾಟಕದ ದಿನ ಮೂರನೇ ಅಂಕ ಶುರುವಾಗುವ ಮುಂಚೆ ಈರಣ್ಣ ಕಿರೀಟ ಸರಿಮಾಡಿಕೊಳ್ಳುತ್ತಾ ನನ್ನ ಹತ್ತಿರ ಬಂದ. ಕಿವಿಯಿಂದ ಆ ಬ್ಲೂಟೂತ್ ಕಿತ್ತು ನನ್ನ ಅಂಗೈಗೆ ತುರುಕಿ ರಂಗಕ್ಕೆ ನಡೆದುಬಿಟ್ಟ. ಮಾವ ಆಗಲೇ ಆಚೆ ಪಕ್ಕದಿಂದ ರಂಗದ ಮೇಲೆ ಬಂದಿದ್ದ, ಅವನಿಗೆ ಇದು ಕಾಣಲಿಲ್ಲ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ರಾಜನ ಕಿವಿ!

ಬಾಣ ಬಂತು. ಮಾವ ಬಿದ್ದ. ಈರಣ್ಣ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಪೇಟಿ ನಿಂತಿತು. ಈರಣ್ಣ ಮಾತಾಡಲಿಲ್ಲ. ಕಿವಿಯಲ್ಲಿ ಯಂತ್ರ ಇದೆಯೆಂದುಕೊಂಡ ಮಾವ ತುಟಿ ಬಿಗಿದು ಬಿದ್ದಿದ್ದ. ಒಂದು ನಿಮಿಷವಾಯಿತು, ಎರಡಾಯಿತು. ಜನ ಅದನ್ನೇ ಅಭಿನಯವೆಂದುಕೊಂಡು ಉಸಿರು ಹಿಡಿದಿದ್ದರು. ಪರದೆಯ ಅಂಚಿನಲ್ಲೇ ಇದ್ದುದರಿಂದ ಅವರ ಪಿಸುಮಾತು ನನಗೆ ಕೇಳಿಸಿತು.

"ಲೇ, ಹೇಳು" ಎಂದ ಈರಣ್ಣ.

"ಕಿವ್ಯಾಗ ಐತಲ್ಲ, ಅದನ್ನ ಕೇಳು" ಎಂದ ಮಾವ, ಕಣ್ಣು ತೆರೆಯದೆ.

"ತಗದು ಕೊಟ್ಟೀನಿ. ನಿನ್ನಿ ತಾಲೀಮಿನ್ಯಾಗ ನೀ ಬಾಯಿ ಮುಚ್ಚಿಕೊಂಡು ಬಿದ್ದಿದ್ದಿ. ಖರೇನ ಹ್ವಾದ್ಯೇನೋ ಅಂತ ಅಂಜಿಕಿ ಬಂತು. ಅವತ್ತು ದವಾಖಾನಿಗೂ ಅದಕ್ಕ ಬರಲಿಲ್ಲಲೇ. ನೀ ಸುಮ್ಮಕ ಮಲಗಿದ್ದು ನೋಡಾಕ ನನ್ನ ಕೈಲಿ ಆಗಂಗಿಲ್ಲ. ಹೇಳು."

ಹೆಣದ ಮುಚ್ಚಿದ ಕಣ್ಣಿಂದ ನೀರು ಇಳಿದು ಬಣ್ಣ ಬಳಿದ ಕೆನ್ನೆಯ ಮೇಲೆ ಹರಿಯಿತು. ತುಟಿ ಅಲುಗಿತು. ಇಪ್ಪತ್ತು ವರ್ಷದಿಂದ ಅದೇ ಮೊದಲ ಸಾಲು: "ಗೆಳೆಯಾ, ನೀನಿಲ್ಲದ ಈ ರಾಜ್ಯದಲ್ಲಿ ನನಗೆ ಭಯವಾಗುತ್ತಿದೆ." ಈರಣ್ಣ ಅದನ್ನು ಮೈದಾನದ ಕೊನೆಯವರೆಗೂ ಕೇಳುವಂತೆ ಹೇಳಿದ.

ಎರಡನೆಯ ಸಾಲಿಗೆ ಮಾವನ ದನಿ ಹೊರಡಲೇ ಇಲ್ಲ. ಹತ್ತು ನಿಮಿಷದ ಉಳಿದ ಮಾತನ್ನೆಲ್ಲ ಈರಣ್ಣನೇ ಹೇಳಿದ, ಯಾರೂ ಹೇಳಿಕೊಡದೆ, ಒಂದಕ್ಷರ ತಪ್ಪದೆ.