ದಂಡೋತಿಯ ಪ್ರಭಾರ ಚಂದ್ರ

ದಂಡೋತಿಯಲ್ಲಿ ಕಾಗಿಣಾ ನದಿಗೆ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ ಆಗತಕ್ಕದ್ದು. ಇದು ಆದೇಶ. ಸಮುದ್ರ ಅಲ್ಲಿಂದ ಎಷ್ಟು ದೂರ ಅದ ಅನ್ನೋದು ಸದರಿ ಆದೇಶಕ್ಕೆ ಸಂಬಂಧಿಸಿದ್ದಲ್ಲ.

ತಪ್ಪು ಯಾರದೂ ಅಲ್ಲ. ಉಬ್ಬರ-ಇಳಿತದ ಕರಾವಳಿ ಕಾಲುವೆಗಳ ಉದ್ಧಾರಕ್ಕಂತ ಒಂದು ನಿಗಮ ಇತ್ತು. ಕರಾವಳಿಯೊಳಗ ಉದ್ಧಾರ ಮಾಡಲಿಕ್ಕೆ ಜಾಗ ಮುಗೀತು, ಯೋಜನೆ ಮುಗೀಲಿಲ್ಲ. ಆಗ ನಿಗಮದ ಸಾಹೇಬ ಶರಣಕುಮಾರ ನಕಾಶೆ ಹಾಸಿ ನೋಡಿದ. ಕಾಗಿಣಾ ಭೀಮೆಗೆ ಸೇರತದ, ಭೀಮಾ ಕೃಷ್ಣೆಗೆ, ಕೃಷ್ಣಾ ಸಮುದ್ರಕ್ಕ. ಅಂದಮ್ಯಾಲ ದಂಡೋತಿ ಕರಾವಳಿಯೇ. ಸ್ವಲ್ಪ ಒಳಗ ಅದ, ಅಷ್ಟ.

ಸಾಹೇಬ ಜೀಪಿನಿಂದ ಇಳಿದಾಗ ಶಿವಕಾಂತಮ್ಮ ನದಿಯ ಉಸುಕಿನಾಗ ಕಲ್ಲಂಗಡಿ ಬಳ್ಳಿಗೆ ನೀರು ಹಾಕ್ಲಿಕತ್ತಿದ್ದಳು. ಬ್ಯಾಸಗಿಗೆ ನದಿ ಒಂದು ಮಗ್ಗಲಿಗೆ ಸರಿದು ಮಲಗಿದಾಗ, ಅದು ಬಿಟ್ಟುಕೊಟ್ಟ ಉಸುಕಿನಾಗ ಗುಣಿ ತೋಡಿ, ಗೊಬ್ಬರ ತುಂಬಿ ಬಳ್ಳಿ ಹಾಕೋದು ನದಿದಂಡಿಯ ಮನೆಗಳ ಪದ್ಧತಿ. ಅಕಿ ಅತ್ತೆಯೂ ಅಲ್ಲೇ ಹಾಕಿದಾಕಿ. ಈ ಸಲದ ಹಣ್ಣು ಬೆರಳಿನಿಂದ ಬಡಿದ್ರ ಡಬ್ ಅನ್ನೋ ಹದಕ್ಕ ಬಂದಿದ್ದವು. ಬಳ್ಳಿಯಿಂದ ಹರಿಯೋದೊಂದೇ ಬಾಕಿ.

"ಯವ್ವಾ, ಇಲ್ಲಿ ನೀರು ಏರಿ ಇಳೀತದೇನು?"

"ಏರತದ್ರಿ ಸಾಹೇಬರ. ಮ್ಯಾಲಿನ ಒಡ್ಡಿನಾಗ ಮಶಾಕ ಗೇಟು ಗೇಣು ಎತ್ತಿದ್ರ ಏರತದ, ಇಳಿಸಿ ಚಾ ಕುಡೀಲಿಕ್ಕ ಹೋದ್ರ ಇಳೀತದ."

"ಸಮುದ್ರದಾಗ ಇದೇ ಕೆಲಸ ಚಂದ್ರ ಮಾಡ್ತಾನ," ಅಂದು ಸಾಹೇಬ ಮಶಾಕನ ಹೆಸರು ಬರಕೊಂಡ. ಮರುದಿನ ಒಡ್ಡಿನ ಗೋಡೆಗೆ ಪ್ರಕಟಣೆ ಬಿತ್ತು:

"ಸದರಿ ನದಿಯ ಬಗ್ಗೆ ಚಂದ್ರನು ತೋರಿದ ನಿರ್ಲಕ್ಷ್ಯವನ್ನು ಗಂಭೀರವಾಗಿ ಪರಿಗಣಿಸಿ, ಗೇಟು ನೌಕರ ಮಶಾಕ ಇವರನ್ನು ಮುಂದಿನ ಆದೇಶದವರೆಗೆ ಪ್ರಭಾರ ಚಂದ್ರನನ್ನಾಗಿ ನೇಮಿಸಲಾಗಿದೆ. ಹೆಚ್ಚುವರಿ ಭತ್ಯೆ ಇರುವುದಿಲ್ಲ. ಸದರಿಯವರು ಅಮಾವಾಸ್ಯೆಯಂದು ರಜೆ ಕೋರತಕ್ಕದ್ದಲ್ಲ."

ಮೊದಲನೇ ಉಬ್ಬರಕ್ಕೇ ಶಿವಕಾಂತಮ್ಮನ ಕೆಳಗಿನ ಸಾಲು ಕೊಚ್ಚಿಹೋಯಿತು. ಅಕಿ ಸೆರಗು ಬಿಗಿದು ಚಿತ್ತಾಪುರದ ಕಚೇರಿಗೆ ಹೋದಳು.

"ಕುಂದ್ರಿ ಯವ್ವಾ," ಅಂದ ಸಾಹೇಬ. "ಈ ಕಡಿಂದ ನದಿ ಹೂಳು ತಂದು ಒತ್ತತದ. ಆ ಕಡಿಂದ ಉಬ್ಬರ ಬಂದು, ಹೋಗಿ, ಕೆರೀತದ. ನದಿ ಕೈ ಮ್ಯಾಲಾದ್ರ ಕಾಲುವೆ ಸಪೂರ. ಉಬ್ಬರದ ಕೈ ಮ್ಯಾಲಾದ್ರ ಬಾಯಿ ಅಗಲ, ಒಳಗ ಗಿಡದ ಟೊಂಗಿ ಹಂಗ ಕವಲು. ಯೋಜನೆಗೆ ಆ ಕವಲೇ ಬೇಕು."

"ಅತ್ತಿ ಸೊಸಿ ಒಂದ ಒಲಿ ಊದಿದಂಗಾತು. ಆದ್ರ ಬಾಯಿ ಅಗಲ ಮಾಡ್ಕೊಳ್ಳಾಕ ಅದಕ್ಕ ನನ್ನ ಕಲ್ಲಂಗಡಿನೇ ಬೇಕೇನ್ರಿ? ಉಳಿದ ಹಣ್ಣಾದ್ರೂ ಹರಕೋತೀನಿ."

"ಬರಂಗಿಲ್ಲ. ತಪಾಸಣೆ ತಂಡ ಬರ್ಲಿಕತ್ತದ. ಅಂದು ಮುಂಜಾನಿ ಗೇಟು ಪೂರಾ ಎತ್ತಿ ಮಹಾ ಉಬ್ಬರ. ಅಲ್ಲೀತನ ಉಸುಕು ಯಾರೂ ತುಳೀಬಾರದು, ಕವಲು ನೈಸರ್ಗಿಕವಾಗಿ ಒಡೀಬೇಕು."

ನಿಸರ್ಗದ ಕಾವಲಿಗೆ ಚನ್ನು ಎಂಬ ನೌಕರನನ್ನು ಕೋಲು ಕೊಟ್ಟು ನಿಲ್ಲಿಸಲಾಯಿತು.

ಶಿವಕಾಂತಮ್ಮ ದಂಡಿಮ್ಯಾಲ ಕುಂತು ದೂರದಿಂದಲೇ ಹಣ್ಣು ನೋಡಿದಳು. ಪಂಚಾಂಗ ಕೇಳಿದಳು. ತಪಾಸಣೆಯ ದಿನ ಸಂಕಷ್ಟಿ. ಊರ ಹೆಂಗಸರೆಲ್ಲ ಉಪವಾಸ, ಚಂದ್ರನ ಮುಖ ನೋಡೋತನಕ ತುತ್ತು ಮುಟ್ಟಂಗಿಲ್ಲ. ಅಕಿ ನಳದ ಹತ್ತಿರ ಕೊಡ ಇಟ್ಟು, ನೀರಿಗೆ ಬಂದ ಹೆಂಗಸರಿಗೆ ಅಂದಳು:

"ಮ್ಯಾಲಿನವ ಬರೋತನಕ ಯಾಕ ಹೊಟ್ಟಿ ಕಟ್ಟಿಕೊಂಡು ಕುಂದರತೀರಿ? ನಮ್ಮವ ಮುಂಜಾನೇನೇ ಒಡ್ಡಿಗಿ ಬರ್ತಾನ. ಸರ್ಕಾರಿ ಚಂದ್ರ."

ಆ ಮುಂಜಾನೆ ಹೆಂಗಸರು ಆರತಿ ತಾಟು ಹಿಡಿದು ಒಡ್ಡು ಹತ್ತಿದರು. ಮಶಾಕ ಬೆವತುಹೋದ.

"ಅಕ್ಕಗೋಳ್ರಾ, ನಾ ನಮಾಜ್ ಮಾಡೋ ಮನುಷ್ಯಾ. ನನಗ ಆರತಿ ಬ್ಯಾಡ್ರಿ."

"ನಿನಗ ಯಾರು ಮಾಡ್ತಾರೋ ತಮ್ಮಾ? ಹುದ್ದೆಗೆ ಮಾಡ್ತೀವಿ. ಸುಮ್ನ ನಿಂದ್ರು."

ಗೇಟಿನ ಚಕ್ರ ಅವನ ಬೆನ್ನಿಗಿತ್ತು. ತಿರುಗಲು ಹೋದರೆ ಹೆಂಗಸರು ಕೂಗಿದರು, "ದರ್ಶನ ಮುಗದಿಲ್ಲ!" ದಂಡಿಮ್ಯಾಲ ತಪಾಸಣೆ ತಂಡ ಕುರ್ಚಿ ಹಾಕಿ ಕುಂತಿತ್ತು. ಸಾಹೇಬ ನಿಯಮ ಪರಿಶೀಲಿಸಿದ. ಚಂದ್ರನು ಭೂಮಿಗೆ ಸದಾ ಒಂದೇ ಮುಖ ತೋರಿಸತಕ್ಕದ್ದು, ಬೆನ್ನು ತೋರಿಸಿದ ಉದಾಹರಣೆ ಇಲ್ಲ. ವಿಜ್ಞಾನ ವಿರೋಧಿ ಕೆಲಸ ನಿಗಮಕ್ಕೆ ಶೋಭಿಸದು. ಆದ್ದರಿಂದ ದರ್ಶನ ಮುಗಿಯುವವರೆಗೆ ಉಬ್ಬರ ಮುಂದೂಡಿ, ಹೆಂಗಸರ ಸಾಲು ನೆಟ್ಟಗೆ ಮಾಡಲು ಚನ್ನುವನ್ನು ಕೋಲು ಸಮೇತ ಒಡ್ಡಿಗೆ ಕಳಿಸಲಾಯಿತು.

ಸಾಲು ನೆಟ್ಟಗಾಗಲಿಲ್ಲ. ಶಹಾಬಾದದಿಂದಲೂ ಹೆಂಗಸರು ಟಂಟಂ ಗಾಡಿ ಮಾಡಿಕೊಂಡು ಬಂದರು.

ಅಷ್ಟರೊಳಗ, ಎಲ್ಲರ ಕಣ್ಣು ಒಡ್ಡಿನ ಮ್ಯಾಲಿದ್ದಾಗ, ಶಿವಕಾಂತಮ್ಮ, ಗಂಡ ಅಂಬರಾಯ ಇಬ್ಬರೂ ಕಾವಲಿಲ್ಲದ ಉಸುಕಿಗಿಳಿದಿದ್ದರು. ಅಂಬರಾಯ ಒಂದೊಂದು ಹಣ್ಣೂ ಬಡಿದು ಬಡಿದು ಕೇಳಲು ಕುಂತ.

"ಏನ್ ಸಂಗೀತ ಕೇಳ್ಲಿಕತ್ತೀಯೋ? ಹರಿ ಮೊದಲ!" ಅಂದಳು ಅಕಿ. ಕೊನೇ ಹಣ್ಣು ದಂಡಿ ಸೇರಿದಾಗ ಕೈತುಂಬ ಗೀರು ಬಿದ್ದಿದ್ದವು. ಅಕಿಗೆ ಅದರ ಖಬರಿರಲಿಲ್ಲ.

ಸಂಜಿಮುಂದ ಗೇಟು ಎದ್ದಿತು. ನೀರು ಬರಿದಾದ ಉಸುಕಿನಮ್ಯಾಲ ಹರಿದು, ಇಳಿದು, ಗಿಡದ ಟೊಂಗಿ ಹಂಗ ಕವಲೊಡೆಯಿತು. ತಂಡದವರು ಚಪ್ಪಾಳೆ ಬಾರಿಸಿದರು. ಇಷ್ಟು ತಡ ಯಾಕಾಯಿತೆಂದು ಹಿರಿಯ ತಜ್ಞರೊಬ್ಬರು ಕೇಳಿದರು.

"ಇವತ್ತು ಸಂಕಷ್ಟಿ, ಸರ್. ಚಂದ್ರ ತಡ," ಅಂದ ಸಾಹೇಬ.

"ಸಹಜ," ಅಂದು ಅವರು ಬರೆದುಕೊಂಡರು.

ಈಗ ಅದೇ ನಿಯಮ. ಸಂಕಷ್ಟಿಯ ಉಬ್ಬರ ಹೆಂಗಸರ ದರ್ಶನವಾದ ಮ್ಯಾಲೆಯೇ. ಶಿವಕಾಂತಮ್ಮ ಹಣ್ಣು ಸಂಕಷ್ಟಿಗೆ ಹದವಾಗೋ ಹಂಗ ಲೆಕ್ಕ ಹಾಕಿ, ದಿನದ ಉಬ್ಬರ ಮುಟ್ಟದ ಮ್ಯಾಲಿನ ಸಾಲಿನಾಗ ಬೀಜ ಊರ್ತಾಳ. ಸಾಹೇಬರ ಹೆಂಡತಿ ಶೈಲಶ್ರೀಯೂ ಜೀಪಿನಾಗ ಬಂದು, ಮಶಾಕನ ಮುಖ ನೋಡಿ, ಹೊತ್ತಿಗೆ ಸರಿಯಾಗಿ ಊಟ ಮುಗಿಸ್ತಾರ. ಆ ಮ್ಯಾಲಿನವನೂ ಆಮೇಲೆ ಮೂಡ್ತಾನ. ದಂಡೋತಿಯೊಳಗ ಯಾರೂ ತಲಿ ಎತ್ತಿ ನೋಡಂಗಿಲ್ಲ. ಅವನ ಹೆಸರಿನಾಗ ಆದೇಶ ಇಲ್ಲ.